ಲೂವಮ್ಮಾಯಿ

ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿದು ಪಂಪಾಪತಿ ತನ್ನ ತಂದೆಯ ಮೇಲೆ ನೀರು ಹಾರಿಸುತ್ತಿದ್ದ. ಹಾಗೆ ಒತ್ತಿದರೆ ನೀರು ದೂರಕ್ಕೆ ಚಿಮ್ಮುತ್ತದೆ, ಹತ್ತಿರ ಹೋಗಬೇಕಾಗಿಲ್ಲ. ಸಿಂಧನೂರಿನ ಅವನ ಗೊಬ್ಬರದಂಗಡಿಯ ಗಾಡಿಯನ್ನು ದಿನಾ ಬೆಳಿಗ್ಗೆ ತೊಳೆಯುವ ಪೈಪೇ ಅದು. ಹಿತ್ತಲಿನಲ್ಲಿ ಒಂದು ಬಿಳಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಬಸವಲಿಂಗ ಮಾಸ್ತರರ ಹೆಣವನ್ನು ಕೂಡಿಸಿ, ಜಾರಿ ಬೀಳದಂತೆ ಎದೆಗೆ ಟವೆಲು ಸುತ್ತಿ ಕುರ್ಚಿಯ ಬೆನ್ನಿಗೆ ಬಿಗಿದಿದ್ದರು. ನೀರು ಕೆನ್ನೆಗೆ ಬಡಿದಾಗಲೆಲ್ಲ ತಲೆ ಆ ಕಡೆಗೆ ಹೊರಳುತ್ತಿತ್ತು. ಇದಕ್ಕೆ ಆ ಮನೆಯವರು ಕಡೆಯ ಸ್ನಾನ ಎಂದು ಹೆಸರಿಟ್ಟಿದ್ದರು.

"ತಲಿ ಮ್ಯಾಲಿಂದ ಬಿಡಲೇ ಪಂಪಾ. ಕೆಳಗ ಬಿಟ್ರ ಎಲ್ಲಾ ನಮ್ಮ ಕಾಲಿಗೇ ಹರದು ಬರತೈತಿ," ಎಂದು ಆದೆಪ್ಪ ದೂರದಿಂದಲೇ ಸಲಹೆ ಕೊಟ್ಟ. ಪಾಮನಕಲ್ಲೂರಿನ ಈ ಆದೆಪ್ಪ ಸತ್ತವರ ಚಿಕ್ಕಪ್ಪನ ಮಗ. ಇಂಥ ದಿನಗಳಲ್ಲಿ ಹಿರೇತನ ಮಾಡುವುದಕ್ಕೆಂದೇ ಹುಟ್ಟಿದವನು. ಮೂಗಿನ ಮೇಲೆ ಟವೆಲು ಕಟ್ಟಿಕೊಂಡು ಅದರೊಳಗೇ ಎಲೆ ಅಡಿಕೆ ಅಗಿಯುತ್ತಿದ್ದ.

ಲಿಂಗಸುಗೂರಿನಿಂದ ಬಂದ ಮಗಳು ಶೈಲಜಾ ಹೆಗಲ ಚೀಲವನ್ನೂ ಇಳಿಸದೆ ಹಿತ್ತಲ ಬಾಗಿಲಿಗೆ ಬಂದಾಗ ಕಂಡದ್ದು ಈ ನೋಟ. ಬಸ್ಸಿನಲ್ಲಿ ಮಸ್ಕಿಯವರೆಗೆ ಅತ್ತಿದ್ದಳು. ಮಸ್ಕಿ ದಾಟಿದ ಮೇಲೆ ಅಳು ನಿಂತು, ಆ ಮನೆಯ ವಾಸನೆಯ ನೆನಪು ಶುರುವಾಗಿತ್ತು. ಈಗ ಆ ವಾಸನೆ ಎದುರಿಗೇ ಬಂದು ನಿಂತಿತು. ಬೆನ್ನಿನ ಹುಣ್ಣು, ಒಣಗಿದ ಉಚ್ಚೆ, ಮಾಸ್ತರರನ್ನು ಮಲಗಿಸಿದ್ದ ಹಿಂದಿನ ಕೋಣೆಯ ಗೊಬ್ಬರದ ಘಾಟು. ಅವಳ ಕೈ ತಾನಾಗಿಯೇ ಸೆರಗನ್ನು ಮೂಗಿಗೆ ಒಯ್ಯಿತು.

"ಅಣ್ಣಾ, ಏನ್ ಮಾಡಾಕತ್ತೀ?"

"ಕಾಣವಲ್ದೇನು? ಜಳಕ ಮಾಡಸಾಕತ್ತೀನಿ."

"ಇದು ಜಳಕೇನು? ಎಮ್ಮಿಗಾದ್ರೂ ಕೈ ಹಚ್ಚಿ ತಿಕ್ಕತಾರ."

ಪಂಪಾಪತಿ ಪೈಪನ್ನು ಅವಳ ಕಡೆ ಚಾಚಿದ. "ಹಂಗಾರ ನೀ ಹಚ್ಚು ಬಾ. ಬಾ, ಮುಂದ ಬಾ. ಯಾಕ ಅಲ್ಲೇ ನಿಂತಿ?"

ಶೈಲಜಾ ಒಂದು ಹೆಜ್ಜೆ ಇಟ್ಟಳು. ಎರಡನೆಯದು ಏಳಲಿಲ್ಲ. ಆ ಮನೆತನಕ್ಕೆ ಹೊಲ ಎಷ್ಟಿತ್ತೋ ಏನೋ, ಮೂಗು ಮಾತ್ರ ಬಹಳ ಇತ್ತು. ಬಸ್ಸಿನ ಸೀಟನ್ನು ಕರ್ಚೀಫಿನಿಂದ ಒರೆಸಿ ಕೂಡುವವರು, ಬೀಗರ ಮನೆಯ ಲೋಟವನ್ನು ಬೆಳಕಿಗೆ ಹಿಡಿದು ನೋಡುವವರು. ಸತ್ತವರು ಆ ವಂಶದ ಮುಕುಟಮಣಿ. ಮಗಳಿಗೆ ಅವರು ಬಿಟ್ಟು ಹೋದದ್ದೇನಾದರೂ ಇದ್ದರೆ ಅದು ಈ ಮೂಗೇ.

ಗೋಡೆಯ ಬದಿಗೆ ಸಕೀನಾಬೀ ಕೂತಿದ್ದಳು. ಮೊದಲು ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಮಾಸ್ತರರಿಗೆ ಲಕ್ವ ಹೊಡೆದಾಗಿನಿಂದ ಅವರ ಮೈ ತೊಳೆದು, ಹಾಸಿಗೆ ಬದಲಿಸಿ, ಹುಣ್ಣಿಗೆ ಮುಲಾಮು ಹಚ್ಚಿ ನೋಡಿಕೊಂಡವಳು ಅವಳೇ. ಬೆಳಿಗ್ಗೆ ಎಂದಿನಂತೆ ಬಂದು ನೋಡಿದರೆ ಮೈ ತಣ್ಣಗಾಗಿತ್ತು. ಕೂಗಿ ಎಲ್ಲರನ್ನೂ ಎಬ್ಬಿಸಿದ್ದೂ ಅವಳೇ, ಒಬ್ಬಳೇ ಎತ್ತಿ ತಂದು ಕುರ್ಚಿಯ ಮೇಲೆ ಕೂಡಿಸಿ ಬಿಗಿದದ್ದೂ ಅವಳೇ. ಕೂಡಿಸಿದ ಮೇಲೆ 'ಇನ್ನ ನೀ ದೂರ ನಿಲ್ಲು' ಎಂದಿದ್ದರು. ಪಕ್ಕದಲ್ಲಿ ಅವಳು ಕಾಯಿಸಿಟ್ಟ ನೀರು ಹಂಡೆಯಲ್ಲಿ ಹಬೆಯಾಡುತ್ತಿತ್ತು.

"ಸಕೀನಾಬೀಗೆ ಯಾಕ ಬ್ಯಾಡಂದ್ರಿ?" ಶೈಲಜಾ ಕೇಳಿದಳು.

"ಅದೆಂಗಾಕೈತಿ ತಂಗಿ?" ಆದೆಪ್ಪ ಟವೆಲು ಸರಿಸಿ ಉಗುಳಿ ಹೇಳಿದ. "ಜೀವ ಇದ್ದಾಗಿನ ಮಾತು ಬ್ಯಾರೆ. ಈಗಿದು ಶಿವನ ಪಾದ ಸೇರೋ ದೇಹ. ಮಠದ ಅಯ್ಯನೋರು ಬಂದು ತಲಿ ಮ್ಯಾಲೆ ಪಾದ ಇಡಬೇಕು. ಅಕಿ ಮುಟ್ಟಿದ್ದು ಗೊತ್ತಾದ್ರ ಇಡ್ತಾರೇನು?"

"ಹೇಲು ಉಚ್ಚಿ ಬಳ್ಯಾಕ ಅಕಿ ಕೈ ಬೇಕಾಗಿತ್ತು. ಆವಾಗ ನಿಮ್ಮ ಶಿವ ಎಲ್ಲಿಗೆ ಹೋಗಿದ್ದ ಕಾಕಾ?"

ಪುರಾಣ ಹೇಳಾಕ, ಬದನೀಕಾಯಿ ತಿನ್ನಾಕ ಎಂಬ ಗಾದೆ ಹುಟ್ಟಿದ್ದೇ ಆದೆಪ್ಪನಂಥವರಿಂದ. ಅವನು ಈ ಮಾತು ತನಗಲ್ಲವೆಂಬಂತೆ ಆಕಾಶ ನೋಡಿದ.

"ಅಣ್ಣಾ, ನೀ ಹಿರೇ ಮಗ. ಒಂದ ಸಲ ಕೈ ಹಚ್ಚು. ನೀ ಹಚ್ಚಿದ್ರ ನಾನೂ ಬರ್ತೀನಿ," ಎಂದಳು ಶೈಲಜಾ.

ಪಂಪಾಪತಿ ಪೈಪನ್ನು ನೆಲಕ್ಕೆ ಒಗೆದ. ಅದು ಹಾವಿನಂತೆ ಹೊರಳಾಡಿ ಎಲ್ಲರ ಕಾಲಿಗೆ ನೀರು ಹಾರಿಸಿತು. ನೆರೆದಿದ್ದ ಜನ ಒಂದೇ ಸಲಕ್ಕೆ ಹಿಂದೆ ಜಿಗಿದರು, ಅದು ಹೆಣಕ್ಕೆ ಬಡಿದು ಬಂದ ನೀರಲ್ಲವೆಂದು ಗೊತ್ತಿದ್ದೂ.

"ನನ್ನ ಕೈಲೆ ಆಗಂಗಿಲ್ಲ. ಯಾಕ ಅಂತ ನಾಕ್ ಮಂದಿ ಎದುರಿಗೆ ನನ್ನ ಬಾಯಿಲೆ ಹೇಳಸಬ್ಯಾಡ."

"ಹೇಳು. ಏನಾತು?"

 ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅವನ ಹೆಂಡತಿ ಭುವನೇಶ್ವರಿ ಹೇಳಿದಳು. "ಮಾವನೋರು ದಿನಾ ಕರೀತಿದ್ರಲ್ಲ, ಆಕೀನ ಬಂದು ತೊಳೀಲಿ."

"ಯಾವಾಕಿ?"

"ಆಂಧ್ರದಾಕಿ. ಅವರ ಲೂವಮ್ಮಾಯಿ."

ಹೆಂಗಸರ ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಹೆಣದ ಮುಂದೆ.

*

ಬಸವಲಿಂಗ ಮಾಸ್ತರರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಕನ್ನಡದಲ್ಲೇ ಇದ್ದಿದ್ದರೆ ಸುಖವಾಗಿರುತ್ತಿದ್ದರು. ಒಂದು ಬೇಸಿಗೆಯಲ್ಲಿ ಧಾರವಾಡಕ್ಕೆ ಶಿಕ್ಷಕರ ಶಿಬಿರಕ್ಕೆ ಹೋದಾಗ, ಈಜಿಪ್ಟಿನ ಮರಳಿನಲ್ಲಿ ಸಿಕ್ಕ ಗ್ರೀಕ್ ನಾಟಕದ ಹರಕು ಹಾಳೆಯಲ್ಲಿ ಕನ್ನಡದ ಮಾತುಗಳಿವೆಯಂತೆ ಎಂದು ಯಾರೋ ಹೇಳಿದ್ದು ತಲೆಗೆ ಹೊಕ್ಕಿತು. ಹೈದರಾಬಾದಿನ ಫುಟ್‌ಪಾತಿನಲ್ಲಿ ಒಂದು ಹಳೆಯ ಗ್ರೀಕ್ ವ್ಯಾಕರಣ ಕೊಂಡು ತಂದರು. ವರ್ಷಗಟ್ಟಲೆ ಓದಿದರು. ಸಾಧಿಸಿದ್ದೇನು ಎಂದರೆ ಏನೂ ಇಲ್ಲ. ಆ ನಾಟಕದವರೆಗೆ ಹೋಗಿ ಮುಟ್ಟಲೇ ಇಲ್ಲ, ಕ್ರಿಯಾಪದಗಳ ಕೆಸರಿನಲ್ಲೇ ಗಾಲಿ ಹೂತುಹೋಯಿತು. ಸಿಂಧನೂರಿನಲ್ಲಿ ಭತ್ತದ ದರ ಕೇಳುವವರಿದ್ದರು, ಗ್ರೀಕ್ ಕ್ರಿಯಾಪದ ಕೇಳುವವರಿರಲಿಲ್ಲ. ಹಾಗಾಗಿ ಮನೆಯವರು ಕೈಗೆ ಸಿಕ್ಕಿದರು.

ಶೈಲಜಾ ಸಣ್ಣವಳಿದ್ದಾಗಿನ ಒಂದು ಭಾನುವಾರ. ಬಚ್ಚಲಿನಲ್ಲಿ ತಾಯಿ ಜಂಬಮ್ಮ ಅವಳ ತಲೆಗೆ ನೀರು ಹಾಕುತ್ತಿದ್ದಳು. ಮಾಸ್ತರರು ಪುಸ್ತಕ ಹಿಡಿದು ಹೊಸ್ತಿಲ ಮೇಲೆ, ಹನಿ ಸಿಡಿಯದಷ್ಟು ದೂರದಲ್ಲಿ ಕೂತಿದ್ದರು.

"ಶೈಲೂ, ಅವ್ವ ಏನ್ ಮಾಡಾಕತ್ತಾಳ?"

"ಎರಿಯಾಕತ್ತಾಳ."

"ಅವ್ವ 'ಎರಿತೀನಿ' ಅನ್ನಬೇಕಂದ್ರ ಗ್ರೀಕಿನ್ಯಾಗ ಲೂಓ. ನೀ ದೊಡ್ಡಾಕಿ ಆಗಿ ನಿನ್ನ ತಲಿಗೆ ನೀನ ನೀರು ಹಾಕ್ಕೊಂಡ್ರ?"

"ಎರಕೊಳ್ಳೋದು."

"ಶಾಬಾಸ್! ಅದು ಲೂಓಮಾಯ್. ನಾವು ಹಿಂದ 'ಕೊಳ್ಳು' ಹಚ್ಚತೀವಿ, ಅವರು ಬಾಲಾ ಬದಲು ಮಾಡ್ತಾರ. ಈಗ ಅವ್ವ ನಿನಗ ಎರಿಯಾಕತ್ತಾಳಲ್ಲ, ಅದನ್ನ ನಿನ್ನ ಕಡಿಂದ ಹೇಳು."

"ಎರಸಿಕೊಳ್ಳಾಕತ್ತೀನಿ."

"ಅದಕ್ಕೂ ಲೂಓಮಾಯ್!" ಮಾಸ್ತರರು ತೊಡೆ ತಟ್ಟಿದರು. "ನೋಡು ಹೆಂಗೈತಿ. ನನಗ ನಾನ ಎರಕೊಂಡ್ರೂ ಅದ ಮಾತು, ಮತ್ತೊಬ್ರು ಎರದ್ರೂ ಅದ ಮಾತು. ಎರಡಕ್ಕೂ ಒಂದ ರೂಪ."

"ಕೂಸಿನ ಕಣ್ಣಾಗ ಸೀಗೀಕಾಯಿ ಹೊಕ್ಕೈತಿ. ನಿಮ್ಮ ಗಿರೀಕು ಆಮ್ಯಾಲೆ," ಎಂದಳು ಜಂಬಮ್ಮ.

ಕಣ್ಣು ಉರಿಯುತ್ತಿದ್ದರೂ ಹುಡುಗಿ ಬಿಡಲಿಲ್ಲ. "ಹಂಗಾರ ಯಾರು ಎರದ್ರು ಅಂತ ಗೊತ್ತಾಗೋದೆಂಗ ಅಪ್ಪಾ?"

"ನೀರು ಬೀಳುವಾಗ ಗೊತ್ತಾಗಂಗಿಲ್ಲ ಮಗಳ. ಎರದು ಮುಗಿದ ಮ್ಯಾಲೆ ಗೊತ್ತಾಕೈತಿ. ಭೂತಕಾಲಕ್ಕ ಹೋದ್ರ ಎರಡೂ ಬ್ಯಾರೆ ಬ್ಯಾರೆ. ತಾನ ಎರಕೊಂಡಿದ್ರ ಎಲೂಸಾಮೇನ್. ಮತ್ತೊಬ್ರು ಎರದಿದ್ರ ಎಲೂಥೇನ್. ಅಲ್ಲಿ ಸುಳ್ಳು ಹೇಳಾಕ ಬರಂಗಿಲ್ಲ."

ಎಷ್ಟು ಚೆಂದದ ಪಾಠ! ಆದರೆ ಶೈಲಜಾಗೆ ಇದರ ಜೊತೆಗೇ ನೆನಪಿರುವುದು ಇನ್ನೊಂದು. ಜಂಬಮ್ಮನಿಗೆ ಕ್ಯಾನ್ಸರ್ ಆಗಿ, ಕಡೆಯ ತಿಂಗಳುಗಳಲ್ಲಿ ಕೋಣೆ ನಾರತೊಡಗಿದಾಗ, ಮಾಸ್ತರರು ಡೆಟಾಲು ಹಾಕಿದ ಕರ್ಚೀಫನ್ನು ಮೂಗಿಗೆ ಹಿಡಿದು ಬಾಗಿಲಲ್ಲೇ ನಿಂತು 'ಹೆಂಗೈತಿ?' ಎಂದು ಕೇಳಿ ಹೋಗುತ್ತಿದ್ದರು. ಆ ಕ್ರಿಯಾಪದದ ಎಲ್ಲ ರೂಪಗಳೂ ಬಾಯಿಪಾಠವಿದ್ದ ಮನುಷ್ಯ ಹೆಂಡತಿಗೆ ಒಂದು ಚರಿಗೆ ನೀರು ಎರೆಯಲಿಲ್ಲ. ತಾಯಿಯ ಮೈ ತೊಳೆದವರು ಓಣಿಯ ಹೆಂಗಸರು. ಶೈಲಜಾ ಆಗ ನೀರು ಹೊತ್ತು ತಂದು ಕೊಡುತ್ತಿದ್ದಳು, ಅವಳೂ ಬಾಗಿಲವರೆಗೆ ಮಾತ್ರ.

*

ಭುವನೇಶ್ವರಿಯ ಮಾತು ಕೇಳಿ ಶೈಲಜಾಗೆ ಮೊದಲು ಏನೂ ಹೊಳೆಯಲಿಲ್ಲ. "ಲೂವಮ್ಮಾಯಿ ಅಂದ್ರ ಯಾರು?" ಎಂದಳು.

"ಅದನ್ನ ನಿಮ್ಮಪ್ಪಗ ಕೇಳಬೇಕಾಗಿತ್ತು," ಎಂದ ಪಂಪಾಪತಿ. ಇಷ್ಟು ದಿನ ಕಟ್ಟಿಟ್ಟದ್ದು ಒಡೆದು ಹೊರಗೆ ಬಂತು. "ದಿನಾ ಮುಂಜಾನೆ ಹಿಂದಿನ ಖೋಲಿಯಿಂದ ಓಣಿಗೆಲ್ಲಾ ಕೇಳೋಹಂಗ ಒದರ್ತಿದ್ದ. ಲೂವಮ್ಮಾಯಿ, ಲೂವಮ್ಮಾಯಿ. ಅರಿವಿ ಮ್ಯಾಲೆ ಅರಿವಿಲ್ಲ, ಹಾಸಿಗ್ಯಾಗ ಹೇತಗೊಂಡು ಬಿದ್ದಾನ, ಬಾಯಾಗ ಮಾತ್ರ ಅಮ್ಮಾಯಿ! ಅಂಗಡಿಗೆ ಬಂದ ಆಂಧ್ರ ಕ್ಯಾಂಪಿನ ರೈತರು ನಗ್ತಾರ. 'ಏನ್ ಸಾವಕಾರ, ನಿಮ್ಮ ಅಪ್ಪಗ ಯಾವ ಅಮ್ಮಾಯಿ?' ಅಂತ ಕೇಳ್ತಾರ. ನನ್ನ ಇಜ್ಜತ್ತು ಏನಾಗಬೇಕು?"

ಕಾಲುವೆ ಸೀಮೆಯಲ್ಲಿ ಇದಕ್ಕಿಂತ ಹೆಚ್ಚು ಸಾಕ್ಷಿ ಬೇಕಾಗಿರಲಿಲ್ಲ. ಅಮ್ಮಾಯಿ ಎಂದರೆ ತೆಲುಗಿನಲ್ಲಿ ಹುಡುಗಿ, ಸಣ್ಣ ಕೂಸಿಗೂ ಗೊತ್ತು. ಮಾಸ್ತರರು ಪ್ರಾಯದಲ್ಲಿ ದಢೇಸುಗೂರಿನ ಶಾಲೆಯಲ್ಲಿದ್ದರು, ಸುತ್ತ ಆಂಧ್ರದವರ ಕ್ಯಾಂಪುಗಳು. ದಿನಾ ಸಂಜೆ ತಡಮಾಡಿ ಮನೆಗೆ ಬರುತ್ತಿದ್ದರು. ಬಸ್ಸು ತಡವಾಗಿ ಬರುತ್ತಿತ್ತು ಎಂಬುದನ್ನು ಈಗ ಯಾರೂ ನೆನೆಯಲಿಲ್ಲ. 'ಲೂ' ಎಂದರೆ ಲೀಲಮ್ಮ ಇರಬೇಕು ಎಂದು ಒಬ್ಬರು, ಅಲ್ಲ ಲೂಸಿ ಇರಬೇಕು, ಕಿರಸ್ತಾನದವಳು ಎಂದು ಇನ್ನೊಬ್ಬರು. ಅವಳಿಗೊಂದು ಮಗುವೂ ಇತ್ತೆಂದು ಆದೆಪ್ಪ ಪಾಮನಕಲ್ಲೂರಿನಲ್ಲಿ ಹೇಳಿಕೊಂಡು ತಿರುಗಿದ್ದ. ಯಾರು ಹೇಳಿದರೆಂದು ಕೇಳಿದರೆ ಬೆಂಕಿ ಇಲ್ಲದೆ ಹೊಗೆ ಆಡುವುದಿಲ್ಲ ಎನ್ನುತ್ತಿದ್ದ. ಇದನ್ನೆಲ್ಲ ನಂಬಿದ ಪಂಪಾಪತಿ ತಂದೆಯ ಕೋಣೆಗೆ ಹೋಗುವುದನ್ನೇ ಬಿಟ್ಟಿದ್ದ. ನಂಬಿದ್ದರಿಂದ ಬಿಟ್ಟನೋ, ಬಿಡುವುದಕ್ಕೆ ಅನುಕೂಲವೆಂದು ನಂಬಿದನೋ, ಅವನಿಗೇ ಗೊತ್ತು.

ಶೈಲಜಾ ಮೂಗಿನ ಸೆರಗು ತೆಗೆದಳು. ಸಕೀನಾಬೀಯ ಕಡೆ ತಿರುಗಿದಳು.

"ಸಕೀನಾಬೀ, ಅಪ್ಪ ಆ ಮಾತು ಯಾವಾಗ ಅಂತಿದ್ದ?"

"ನೀರು ಹಾಕುವಾಗ ರೀ. ಬ್ಯಾರೆ ಹೊತ್ತಿನ್ಯಾಗ ಅಂದಿಲ್ಲ," ಎಂದಳು ಸಕೀನಾಬೀ. "ಒಂದೊಂದು ಚರಿಗಿಗೆ ಒಂದೊಂದು ಸಲ. ಆಮ್ಯಾಲ ಆಮ್ಯಾಲ ನನಗೂ ಅನ್ನಸಾಕತ್ತಿದ್ರು. ನಾನೂ ಲೂವಮ್ಮಾಯಿ ಅಂದ್ರ ಬಯ್ಯೋರು. 'ಅದು ನಂದು, ನೀ ಲೂವ ಅನ್ನು' ಅಂತಿದ್ರು. ನಿಮ್ಮ ದೇವರ ಹೆಸರು ಅಂತ ತಿಳದು ನಾನೂ ಅಂತಿದ್ದೆ ರೀ. ತಪ್ಪೇನು?"

ಶೈಲಜಾಗೆ ನಗು ಬಂತು. ನಗು ಬಂದ ದಾರಿಯಲ್ಲೇ ವಾಕರಿಕೆಯೂ ಬಂತು. ವಾಸನೆಯಿಂದ ಬಂದ ವಾಕರಿಕೆಯಲ್ಲ ಅದು. ಸುತ್ತ ನಿಂತ ಮುಖಗಳನ್ನು ನೋಡಿ ಬಂದದ್ದು.

"ಅದು ಯಾವ ಹೆಂಗಸಿನ ಹೆಸರೂ ಅಲ್ಲ," ಅವಳು ಜೋರಾಗಿ ಹೇಳಿದಳು. "ಗ್ರೀಕ್ ಮಾತು ಅದು. ಲೂಓಮಾಯ್. ಎರಕೊಳ್ಳಾಕತ್ತೀನಿ ಅಂತ ಅರ್ಥ. ನಾಲಿಗಿ ಹೊಳ್ಳದ್ದಕ್ಕ ನಿಮಗ ಹಂಗ ಕೇಳಸೈತಿ. ಅಣ್ಣಾ, ನಿನಗೂ ಸಣ್ಣಾವಿದ್ದಾಗ ಬಾಯಿಪಾಠ ಮಾಡಸಿದ್ದ, ನೆನಪಿಲ್ಲೇನು? ಎರದ್ರ ಲೂಓ, ಎರಕೊಂಡ್ರ ಲೂಓಮಾಯ್."

 ನೆರೆದವರ ಮುಖದ ಮೇಲೆ ನಾಚಿಕೆ ಮೂಡೀತೆಂದು ಕಾದರೆ ಮೂಡಿದ್ದು ನಿರಾಸೆ. ರುಚಿಯಾದದ್ದನ್ನು ಬಾಯಿಂದ ಕಸಿದುಕೊಂಡ ಹಾಗೆ ಅವರು ಒಬ್ಬರನ್ನೊಬ್ಬರು ನೋಡಿದರು.

"ಗ್ರೀಕಂತ!" ಎಂದಳು ಭುವನೇಶ್ವರಿ. "ಸಾಯೋ ಮುದುಕಗ ಶಿವಾ ಅನ್ನಾಕ ಬರಂಗಿಲ್ಲ, ಗ್ರೀಕ್ ಬರತೈತಿ."

"ಇರಲಿ ಬಿಡ್ರಿ, ಹೋದೋರ ಸುದ್ದಿ ಯಾಕ," ಎಂದು ಆದೆಪ್ಪ ದೊಡ್ಡ ಮನಸ್ಸಿನಿಂದ ಕ್ಷಮಿಸಿದ. ಯಾರನ್ನು ಕ್ಷಮಿಸಿದನೋ ತಿಳಿಯಲಿಲ್ಲ.

 ಪಂಪಾಪತಿಯ ತುಟಿ ಮಾತ್ರ ಏನೋ ಹಳೆಯದನ್ನು ಹುಡುಕುವಂತೆ ಅಲುಗಾಡಿತು. ನೆನಪಾಗಿತ್ತು. ನೆನಪಾಗದಿದ್ದರೆ ಅವನಿಗೆ ಎಷ್ಟೋ ಚೆನ್ನಾಗಿತ್ತು.

*

ಲಕ್ವ ಹೊಡೆದು ಬಲಗಡೆಯ ಮೈ ಹೋದ ಮೇಲೆ, ಸಕೀನಾಬೀ ಮೊದಲ ಸಲ ಮೈ ತೊಳೆಯಲು ಬಂದ ದಿನ ಮಾಸ್ತರರು ಅವಳ ಕೈ ಮೇಲೆ ಉಗುಳಿದ್ದರು. ಎಡಗೈಯಿಂದ ಚರಿಗೆಯನ್ನು ತಳ್ಳಿ ಚೆಲ್ಲಿದ್ದರು. ಜೀವಮಾನವೆಲ್ಲ ಮಂದಿಯನ್ನು ನೋಡಿ ಹೇಸಿದವರಿಗೆ ಈಗ ಹೇಸಲು ಸಿಕ್ಕಿದ್ದು ತಮ್ಮದೇ ಮೈ. ಅದರಿಂದ ಎದ್ದು ಆಚೆ ಹೋಗುವಂತಿರಲಿಲ್ಲ. ಬಾಗಿಲಲ್ಲಿ ನಿಂತು 'ಹೆಂಗೈತಿ?' ಎಂದು ಕೇಳಿ ನಡೆಯುವಂತಿರಲಿಲ್ಲ.

ಸಕೀನಾಬೀ ಉಗುಳನ್ನು ಸೀರೆಗೆ ಒರೆಸಿಕೊಂಡು ಮತ್ತೆ ನೀರು ತುಂಬಿದಳು. "ಆತ್ರಿ, ಇನ್ನೊಮ್ಮಿ ಉಗುಳ್ರಿ. ಅದನ್ನೂ ಕೂಡೇ ತೊಳದ ಬಿಡ್ತೀನಿ," ಎಂದಳು.

ಮಾಸ್ತರರು ಕಣ್ಣು ಮುಚ್ಚಿದರು. ಬೆಚ್ಚಗಿನ ನೀರು ತೊಡೆಯ ಮೇಲೆ ಬಿತ್ತು. ಅವಳ ಕೈ ಎಲ್ಲಿ ಹೋಗಬಾರದೋ ಅಲ್ಲಿಗೆ ಹೋಯಿತು, ಬೇರೆ ಕಡೆ ಹೋದ ಹಾಗೆಯೇ ಹೋಯಿತು. ಆ ನಾಚಿಕೆಯಲ್ಲಿ ಸತ್ತುಹೋಗಬೇಕು ಅನ್ನಿಸಿದಾಗ, ಎಲ್ಲಿಂದಲೋ ಆ ಕ್ರಿಯಾಪದ ಬಂತು. ಲೂಓಮಾಯ್. ನನಗೆ ನಾನೇ ಎರೆದುಕೊಳ್ಳುತ್ತಿದ್ದೇನೆ. ಇನ್ನೊಬ್ಬರು ಎರೆಯುತ್ತಿದ್ದರೂ ಅದೇ ಮಾತು, ಯಾರೂ ವ್ಯತ್ಯಾಸ ಕೇಳುವಂತಿಲ್ಲ. ಅಷ್ಟು ವರ್ಷ ಓದಿದ ವ್ಯಾಕರಣ ಆ ಮನುಷ್ಯನಿಗೆ ಮೊದಲ ಸಲ ಉಪಯೋಗಕ್ಕೆ ಬಂದದ್ದು ಆ ಬೆಳಿಗ್ಗೆ. ಹೊರಳದ ನಾಲಿಗೆಯಿಂದ ಅವರು ಅದನ್ನು ಕೂಗಿ ಹೇಳಿದರು. ಗೋಡೆಯಾಚೆಯ ಓಣಿಗೆ ಕೇಳಿಸಿದ್ದು ಬೇರೆ.

ದಿನವೂ ಹಾಗೆ ಅಂದುಕೊಂಡು ಮಾನ ಉಳಿಸಿಕೊಂಡರು. ಎಷ್ಟೋ ತಿಂಗಳ ಮೇಲೆ ಒಂದು ದಿನ, ಅವಳು ಬೆನ್ನಿನ ಹುಣ್ಣು ತೊಳೆಯುತ್ತಿರುವಾಗ, ಎಡಗೈಯಿಂದ ಅವಳ ಮಣಿಕಟ್ಟು ಹಿಡಿದು ತಡೆದರು.

"ನೀ... ಲೂಓ ಅನ್ನು," ಎಂದರು. "ನೀ... ಎರಿಯಾಕಿ."

ಅವಳಿಗೆ ಅರ್ಧವೂ ಕೇಳಿಸಲಿಲ್ಲ. ಆದರೂ 'ಲೂವ' ಎಂದಳು. ಮಾಸ್ತರರು ಕೈ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಅತ್ತರು. ಹುಣ್ಣು ಉರಿಯುತ್ತದೆಂದು ತಿಳಿದು ಅವಳು ಇನ್ನೂ ಮೆಲ್ಲಗೆ ನೀರು ಬಿಟ್ಟಳು.

*

"ಅಯ್ಯನೋರು ಬಂದ್ರು," ಎಂದು ಮುಂಬಾಗಿಲಿನಿಂದ ಯಾರೋ ಕೂಗಿದರು. ಪಾಮನಕಲ್ಲೂರಿನ ಹೊಲಕ್ಕೆ ಹೆಣ ಒಯ್ಯುವ ಟೆಂಪೋ ಬೀದಿಯಲ್ಲಿ ಹಾರ್ನ್ ಹೊಡೆಯಿತು. ಕುಣಿ ತೋಡಿಯಾಗಿದೆಯೆಂದು ಊರಿನಿಂದ ಫೋನು ಬಂದಿತ್ತು.

"ಆತು ಬಿಡ್ರಿ, ನೀರು ಬಿದ್ದಾವಲ್ಲ. ಒರಸಿ ಇಭೂತಿ ಬಡೀರಿ, ಎಲ್ಲಾ ಮುಚ್ಚಿಹೋಕೈತಿ," ಎಂದ ಆದೆಪ್ಪ.

ಶೈಲಜಾ ಚೀಲವನ್ನು ಗೋಡೆಗೆ ಎಸೆದಳು. "ಬರೋಬರಿ ಕಾಕಾ. ಸಕೀನಾಬೀ ಮುಟ್ಟಬಾರದು, ಒಪ್ಪಿದೆ. ಹಂಗಾರ ಯಾರು ಒರಸ್ತೀರಿ, ಮುಂದ ಬರ್ರಿ. ಬೆನ್ನಾಗಿನ ಹುಣ್ಣಿನ್ಯಾಗ ಇನ್ನೂ ಕೀವೈತಿ. ಬರ್ರಿ, ನೀವ ಹಿರೇರು."

ಧರ್ಮ ಎಷ್ಟು ಬೇಗ ಕಾಲಿಗೆ ಬುದ್ಧಿ ಹೇಳುತ್ತದೆಂಬುದನ್ನು ಅಲ್ಲಿ ನೋಡಬೇಕಿತ್ತು. ಒಬ್ಬನಿಗೆ ಫೋನು ನೆನಪಾಯಿತು, ಇನ್ನೊಬ್ಬನಿಗೆ ಟೆಂಪೋ ಡ್ರೈವರನ ಚಹಾ. ಆದೆಪ್ಪನಿಗೆ ಸೊಂಟ ಹಿಡಿಯಿತು. ಸೊಂಟ ಹಿಡಿದುಕೊಂಡೇ, ಇದ್ದ ಜಾಗದಲ್ಲೇ ನ್ಯಾಯ ತೀರಿಸಿದ.

"ಹಂಗಾರ ಒಳಗ ಒಯ್ದು ಬಾಗಲಾ ಹಾಕ್ಕೋರಿ. ಮಗಳು ಎರದಾಳ ಅಂತ ಹೇಳಾಕ ಬರತೈತಿ. ಕೂಡ ಯಾರಿದ್ರು ಅಂತ ಯಾರು ನೋಡ್ಯಾರ? ಅಯ್ಯನೋರ ಕಿವಿಗೆ ಮಾತ್ರ ಹಾಕಬ್ಯಾಡ್ರಿ."

ಸಕೀನಾಬೀ ಎದ್ದಳು. ಇಬ್ಬರೂ ಸೇರಿ ಕುರ್ಚಿಯನ್ನು ಬಚ್ಚಲಿಗೆ ಎಳೆದರು. ಹಂಡೆ ತಂದರು. ಮುಚ್ಚಬೇಕೆನ್ನುವಾಗ ಶೈಲಜಾ ಬಾಗಿಲು ಹಿಡಿದು ನಿಂತಳು.

"ಅಣ್ಣಾ, ಇನ್ನ ಅಪ್ಪಗ ಲೂಓಮಾಯ್ ಅನ್ನಾಕ ಬರಂಗಿಲ್ಲ. ಅದು ಮುಗೀತು. ಇನ್ನ ಯಾರು ಎರದ್ರು ಅಂತ ಹೇಳಬೇಕಾಕೈತಿ. ನಾಳೆ ಯಾರರ ಕೇಳಿದ್ರ ಪೈಪು ಎರದೈತಿ ಅಂತೀ ಏನು?"

ಅವನ ಉತ್ತರಕ್ಕೆ ಕಾಯದೆ ಬಾಗಿಲು ಮುಂದಕ್ಕೆ ಮಾಡಿದಳು.

ಒಳಗೆ ವಾಸನೆ ಗಟ್ಟಿಯಾಗಿತ್ತು. ಶೈಲಜಾಳ ಗಂಟಲಿಗೆ ಹುಳಿ ಬಂತು, ನುಂಗಿದಳು. ಮತ್ತೆ ಬಂತು, ಮತ್ತೆ ನುಂಗಿದಳು. ತಾಯಿಗೆ ಹಚ್ಚದ ಕೈ ಇದು ಎಂದು ನೆನಪಾಗಿ, ಆ ಕೈಯನ್ನು ಸಿಟ್ಟಿನಿಂದಲೇ ತಂದೆಯ ಭುಜದ ಮೇಲೆ ಇಟ್ಟಳು. ತಣ್ಣಗೆ, ಜಾರುತ್ತಿತ್ತು. ಅಸಹ್ಯ ಹೋಗಲಿಲ್ಲ. ಹೋಗುತ್ತದೆಂದು ಹೇಳುವವರು ಸುಳ್ಳು ಹೇಳುತ್ತಾರೆ. ಕೈ ಮಾತ್ರ ಅಲ್ಲೇ ಇತ್ತು.

"ಹಿಂಗ ಹಿಡೀರಿ ಅಕ್ಕಾರ, ಕಂಕಳಾಗ ಕೈ ಹಾಕಿ. ನಾ ಬೆನ್ನು ನೋಡ್ತೀನಿ," ಎಂದಳು ಸಕೀನಾಬೀ. ಸತ್ತವರ ಕಿವಿಯ ಹತ್ತಿರ ಬಾಗಿ, ದಿನದ ರೂಢಿಯಂತೆ, "ಮಾಸ್ತರ್ರೆ, ನೀರು ಹಾಕ್ತೀನಿ," ಎಂದಳು. ಮೊದಲ ಚರಿಗೆ ಬಿದ್ದಾಗ ಇಬ್ಬರೂ ಕಿವಿಗೊಟ್ಟರು. ಕೇಳಿಸಬೇಕಾದ ಮಾತು ಕೇಳಿಸಲಿಲ್ಲ. ಸಕೀನಾಬೀಯ ಕಣ್ಣಲ್ಲಿ ಆಗ ನೀರು ಬಂತು. ಆ ದಿನ ಆ ಮನೆಯಲ್ಲಿ ಯಾರಾದರೂ ತೋರಿಕೆಗಲ್ಲದೆ ಅತ್ತದ್ದು ಅದೇ ಮೊದಲು.

ಬಾಗಿಲು ಸ್ವಲ್ಪ ತೆರೆಯಿತು. ಪಂಪಾಪತಿ. ಒಳಗೆ ಬಂದು ಬೆನ್ನಿನಿಂದ ಬಾಗಿಲು ಮುಚ್ಚಿದ. ಅಂಗಿಯ ತೋಳು ಮೇಲೇರಿಸಿದ್ದ.  ಸಕೀನಾಬೀ ಬಟ್ಟೆಯ ಒಂದು ತುಂಡನ್ನು ಅವನ ಕೈಗೆ ಕೊಟ್ಟು, ಎದೆಗೆ ಕಟ್ಟಿದ್ದ ಟವೆಲು ಬಿಚ್ಚಿ ಹೆಣವನ್ನು ಮುಂದಕ್ಕೆ ಬಾಗಿಸಿ ಬೆನ್ನು ತೋರಿಸಿದಳು.

ಅವನು ಆ ಹುಣ್ಣನ್ನು ಮೊದಲ ಸಲ ನೋಡುತ್ತಿದ್ದ. ಬೆನ್ನಿನ ಕೆಳಗೆ ಅಂಗೈ ಅಗಲದ ಗುಂಡಿ, ನಡುವೆ ಬೆಳ್ಳಗೆ ಎಲುಬು. ಸುತ್ತಲಿನ ಚರ್ಮ ಮಾತ್ರ ನುಣ್ಣಗೆ, ಚೊಕ್ಕಟವಾಗಿತ್ತು. ದಿನಾ ಯಾರೋ ಒರೆಸಿ, ಎಣ್ಣೆ ಹಚ್ಚಿದ್ದು ಕಾಣುತ್ತಿತ್ತು. ಪಂಪಾಪತಿ ಮಗ್ಗುಲಿಂದ ಬಾಗಿ ಬಟ್ಟೆ ಹಿಡಿದ ಕೈ ಚಾಚಿದ. ಹುಣ್ಣಿನ ಅಂಚಿಗೆ ಮುಟ್ಟಿಸಿದ. ಒಮ್ಮೆ ಒರೆಸಿದ, ಇನ್ನೊಮ್ಮೆ ಒರೆಸಿದ. ಮೂರನೆಯ ಸಲಕ್ಕೆ ಅವನ ಹೊಟ್ಟೆಯಲ್ಲಿದ್ದ ಚಹಾ, ಉಪ್ಪಿಟ್ಟು ಎಲ್ಲವೂ ಭೋರೆಂದು ಹೊರಗೆ ಬಂದು ತಂದೆಯ ತೊಡೆ, ಕಾಲುಗಳ ಮೇಲೆ ಬಿತ್ತು.

"ಥೂ, ಅಣ್ಣಾ!" ಎಂದು ಶೈಲಜಾ ಚೀರಿದಳು.

ಪಂಪಾಪತಿ ಅಲ್ಲೇ ಕಲ್ಲಿನ ಮೇಲೆ ಕುಸಿದು ಕೂತ. ಗದ್ದದಿಂದ ಎದೆಯವರೆಗೆ ವಾಂತಿ ಇಳಿಯುತ್ತಿತ್ತು. ಅದನ್ನು ಒರೆಸಿಕೊಳ್ಳಲೂ ಅವನಿಗೆ ಹೇಸಿಕೆ, ಎರಡೂ ಕೈಗಳನ್ನು ಮೈಯಿಂದ ದೂರ ಹಿಡಿದು ಸಣ್ಣ ಕೂಸಿನಂತೆ ಬಾಯಿ ತೆರೆದು ಅಳತೊಡಗಿದ.

"ಒಳಗ ಏನಾತ್ರೀ? ಅಯ್ಯನೋರು ಕಾಯಾಕತ್ತಾರ," ಎಂದು ಹೊರಗಿನಿಂದ ಆದೆಪ್ಪ ಬಾಗಿಲು ಬಡಿದ.

"ತಡೀರಿ, ಇನ್ನೂ ಆಗಿಲ್ಲ," ಎಂದಳು ಸಕೀನಾಬೀ.

ಅವಳು ಹಂಡೆಯಿಂದ ಚರಿಗೆ ತುಂಬಿದಳು. ಹೆಣದ ಕಡೆ ಹೊರಟ ಕೈಯನ್ನು ನಿಲ್ಲಿಸಿ, ಮಗನ ಕಡೆ ತಿರುಗಿದಳು. ಎಡಗೈಯಿಂದ ಅವನ ಗದ್ದ ಹಿಡಿದೆತ್ತಿ, ಬಲಗೈಯಿಂದ ನೀರು ಬಿಟ್ಟು, ಬಾಯಿ ತೊಳೆದಳು, ಗದ್ದ ತೊಳೆದಳು, ಕೊರಳಿಗೆ ಇಳಿದದ್ದನ್ನು ಬೆರಳಿನಿಂದ ಬಳಿದು ತೆಗೆದಳು. ಪಂಪಾಪತಿ ಕಣ್ಣು ಮುಚ್ಚಿ ಮುಖ ಮೇಲೆತ್ತಿ, ಎರಡನೆಯ ಚರಿಗೆಗೆ ಕಾಯುತ್ತ ಕೂತ.